ತೊಡೆ ಮೇಲಿನ ಪ್ಯಾಸೆಂಜರಿಗೆ ಟಿಕೆಟ್ ಮಾಡಿಸುವುದು ಹೇಗೆ

ನನಗೆ ಅವಳಿ ಮಕ್ಕಳು. ಮಗಳು ಮಗನಿಗಿಂತ ನಾಲ್ಕೇ ನಿಮಿಷ ದೊಡ್ಡವಳು. ಇಬ್ಬರನ್ನೂ ಕಟ್ಟಿಕೊಂಡು ಮೊದಲ ಸಲ ವಿಮಾನ ಹತ್ತಿದಾಗ ಅವರಿಗೆ ಒಂಬತ್ತು ತಿಂಗಳು. ದುಡ್ಡು ಕೊಟ್ಟು ಅಕ್ಕಪಕ್ಕದ ಎರಡು ಸೀಟು ಆರಿಸಿದ್ದೆವು. ನನ್ನ ತೊಡೆ ಮೇಲೆ ಒಂದು, ನನ್ನ ಗಂಡನ ತೊಡೆ ಮೇಲೆ ಇನ್ನೊಂದು. ಬೆಲ್ಟ್ ಹಾಕುವಷ್ಟರಲ್ಲಿ ಗಗನಸಖಿ ಬಂದು, "ಒಂದೇ ಸಾಲಲ್ಲಿ ಎರಡು ಪಾಪು ಕೂರುವ ಹಾಗಿಲ್ಲ, ಒಬ್ಬರು ಹಿಂದೆ ಬನ್ನಿ" ಎಂದರು. ಹಾಲಿನ ಬಾಟಲಿ, ಡೈಪರ್ ಎಲ್ಲ ನನ್ನ ಬ್ಯಾಗಿನಲ್ಲಿ. ಗಂಡ ಐದು ಸಾಲು ಹಿಂದೆ. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತಲೆಯ ಮೇಲಿಂದ ಇಳಿಯುವ ಆಕ್ಸಿಜನ್ ಮಾಸ್ಕುಗಳು ಲೆಕ್ಕದ ಪ್ರಕಾರ ಇರುತ್ತವೆ. ಮೂರು ಸೀಟು ಒಟ್ಟಿಗಿರುವ ಕಡೆ ಹೆಚ್ಚೆಂದರೆ ನಾಲ್ಕು ಮಾಸ್ಕ್. ಆ ಹೆಚ್ಚುವರಿ ಒಂದು ತೊಡೆ ಮೇಲಿನ ಮಗುವಿಗೆ. ಎರಡು ಮಗು ಕೂತರೆ ಐದು ಮೂಗು, ನಾಲ್ಕು ಮಾಸ್ಕ್. ಕೆಲವು ವಿಮಾನಗಳಲ್ಲಿ ಈ ಹೆಚ್ಚುವರಿ ಮಾಸ್ಕ್ ಒಂದು ಬದಿಯಲ್ಲಷ್ಟೇ ಇರುತ್ತದೆ. ಅವಳಿ ಇದ್ದವರು, ಅಥವಾ ಇನ್ನೊಂದು ಮಗುವಿನ ಕುಟುಂಬದ ಜೊತೆ ಹೋಗುವವರು, ಸೀಟು ಆರಿಸುವ ಮೊದಲು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ "ಮಗು ಎತ್ತಿಕೊಂಡು ಯಾವ ಸೀಟಲ್ಲಿ ಕೂರಬಹುದು" ಎಂದು ಕೇಳಿಬಿಡಿ. ನಾವೀಗ ಹಿಂದೆ ಮುಂದಿನ ಸಾಲು ತಗೋತೀವಿ. ಬಾಟಲಿ ದಾಟಿಸೋದು ಸುಲಭ. ತುರ್ತು ಬಾಗಿಲ ಪಕ್ಕದ ಸಾಲು ಮಾತ್ರ ಮಗು ಇದ್ದವರಿಗೆ ಸಿಗುವುದಿಲ್ಲ, ಅದರ ಆಸೆ ಬಿಡಿ.

ಈಗ ವಯಸ್ಸಿನ ವಿಷಯ. ಎರಡು ವರ್ಷ ತುಂಬದ ಮಗು 'ಇನ್‌ಫೆಂಟ್'. ಅದು ದೊಡ್ಡವರೊಬ್ಬರ ತೊಡೆ ಮೇಲೆ ಕೂರಬಹುದು. ಎರಡು ತುಂಬಿದ ಮೇಲೆ ಸ್ವಂತ ಸೀಟು ಬೇಕೇ ಬೇಕು. ವಯಸ್ಸು ಲೆಕ್ಕ ಹಾಕುವುದು ಬುಕ್ ಮಾಡಿದ ದಿನಕ್ಕಲ್ಲ, ಪ್ರಯಾಣದ ದಿನಕ್ಕೆ. ಇದು ಗೊತ್ತಿದ್ದೂ ನಾನು ಎಡವಿದೆ. ಹೋಗುವಾಗ ಮಕ್ಕಳಿಗೆ ಒಂದು ವರ್ಷ ಹನ್ನೊಂದು ತಿಂಗಳು. ವಾಪಸ್ ಬರುವ ನಾಲ್ಕು ದಿನ ಮೊದಲು ಹುಟ್ಟುಹಬ್ಬ. ಬುಕ್ ಮಾಡುವಾಗ ನಾನು ನೋಡಿದ್ದು ಹೋಗುವ ತಾರೀಖು ಮಾತ್ರ. ಕೊನೆಗೆ ಬರುವ ದಾರಿಗೆ ಎರಡು ಸೀಟು ಹೊಸದಾಗಿ ಕೊಳ್ಳಬೇಕಾಯಿತು. ಅಷ್ಟರಲ್ಲಿ ದರ ಏರಿತ್ತು ಅಂತ ಬೇರೆ ಹೇಳಬೇಕಾ? ಹೀಗೆ ಮಧ್ಯದಲ್ಲಿ ಎರಡು ತುಂಬುವ ಮಗು ಇದ್ದರೆ, ವಾಪಸಿನ ಸೀಟನ್ನೂ ಮೊದಲೇ ಮಾಡಿಸಿ.

ತೀರಾ ಎಳೆ ಕೂಸಾದರೆ ಇನ್ನೊಂದು ಕಡೆಯಿಂದ ಮಿತಿ ಇದೆ. ಹುಟ್ಟಿ ಇಷ್ಟು ದಿನ ಆಗಿರಬೇಕು ಅನ್ನುವ ನಿಯಮ ವಿಮಾನ ಕಂಪನಿಯಿಂದ ಕಂಪನಿಗೆ ಬೇರೆ. ಕೆಲವರಿಗೆ ಎರಡು ದಿನ ಸಾಕು, ಕೆಲವರಿಗೆ ಒಂದು ವಾರ, ಇನ್ನು ಕೆಲವರಿಗೆ ಎರಡು ವಾರ. ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಟಿಕೆಟ್.

ಬುಕಿಂಗ್ ಫಾರ್ಮಿನಲ್ಲಿ ಅಡಲ್ಟ್, ಚೈಲ್ಡ್, ಇನ್‌ಫೆಂಟ್ ಅಂತ ಮೂರು ಸಾಲು, ಎದುರಿಗೆ ಪ್ಲಸ್ ಮೈನಸ್ ಇರುತ್ತದೆ. ದರ ಹುಡುಕುವಾಗಲೇ ಮಗುವನ್ನು ಸೇರಿಸಿ. "ತೊಡೆ ಮೇಲೆ ತಾನೇ, ಆಮೇಲೆ ನೋಡೋಣ" ಅಂತ ಬಿಟ್ಟವರು ಆಮೇಲೆ ಫೋನ್ ಹಿಡಿದು ಕೂರುತ್ತಾರೆ. ಸೀಟು ಇಲ್ಲದಿದ್ದರೂ ಮಗುವಿನ ಹೆಸರು ಟಿಕೆಟ್ಟಿನಲ್ಲಿ ಇರಲೇಬೇಕು. ಒಂದು ವಿಮಾನದಲ್ಲಿ ಎಷ್ಟು ಇನ್‌ಫೆಂಟ್ ಅನ್ನುವುದಕ್ಕೂ ಮಿತಿ ಇರುವುದರಿಂದ, ತಡ ಮಾಡಿದರೆ ಮಗುವಿಗೆ ಜಾಗವೇ ಇಲ್ಲ ಅನ್ನಬಹುದು. ದೊಡ್ಡವರೊಬ್ಬರಿಗೆ ತೊಡೆ ಮೇಲಿನ ಮಗು ಒಂದೇ. ನಾನೊಬ್ಬಳೇ ಇಬ್ಬರನ್ನೂ ಕರೆದೊಯ್ದರೆ ಒಂದಕ್ಕೆ ಸೀಟು ಕೊಳ್ಳಲೇಬೇಕು.

ದರ: ದೇಶದ ಒಳಗೆ ಕೆಲವು ಕಡೆ ತೊಡೆ ಮೇಲಿನ ಮಗುವಿಗೆ ಏನೂ ಇಲ್ಲ, ಕೆಲವು ಕಡೆ ಇಷ್ಟು ಅಂತ ನಿಗದಿ. ಬೇರೆ ದೇಶಕ್ಕಾದರೆ ಬಹಳಷ್ಟು ಕಂಪನಿಗಳು ದೊಡ್ಡವರ ದರದ ಸುಮಾರು 10% ಜೊತೆಗೆ ತೆರಿಗೆ ಹಾಕುತ್ತವೆ. ಎರಡು ದಾಟಿದ ಮಗುವಿಗೆ ರಿಯಾಯಿತಿ ಸಿಗುವುದೂ ಉಂಟು, ಪೂರ್ತಿ ದರ ಕೇಳುವುದೂ ಉಂಟು.

ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಯಿರಿ, ಅಕ್ಷರಕ್ಕೆ ಅಕ್ಷರ. ಹೌದು, ಬೇರೆ ದೇಶಕ್ಕೆ ಹೋಗಲು ಕೂಸಿಗೂ ಸ್ವಂತ ಪಾಸ್‌ಪೋರ್ಟ್ ಬೇಕು. ದೊಡ್ಡವರಿಗೆ ವೀಸಾ ಬೇಕಾದ ಕಡೆ ಮಗುವಿಗೂ ಸಾಮಾನ್ಯವಾಗಿ ಬೇಕಾಗುತ್ತದೆ. ದೇಶದ ಒಳಗಾದರೂ ವಯಸ್ಸು ತೋರಿಸಲು ಜನನ ಪ್ರಮಾಣಪತ್ರ ಇಟ್ಟುಕೊಂಡಿರಿ. ಅಪ್ಪ ಅಮ್ಮರಲ್ಲಿ ಒಬ್ಬರೇ ಹೋಗುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ಗಡಿಯಲ್ಲಿ ಕೇಳುವ ದೇಶಗಳಿವೆ.

ದೂರದ ಪ್ರಯಾಣಕ್ಕೆ ಬ್ಯಾಸಿನೆಟ್ ಅಂತ ಸಿಗುತ್ತದೆ, ಮುಂದಿನ ಗೋಡೆಗೆ ಸಿಕ್ಕಿಸುವ ಪುಟ್ಟ ತೊಟ್ಟಿಲು. ಇರುವುದೇ ಕೆಲವು. ಟಿಕೆಟ್ ಆದ ದಿನವೇ ಕೇಳಿ, ಗೋಡೆ ಎದುರಿನ ಸೀಟನ್ನೂ ಕೇಳಿ. ತೂಕದ ಮಿತಿ ಕೆಲವು ಕಡೆ 10 ಕಿಲೋ, ಕೆಲವು ಕಡೆ ಇನ್ನಷ್ಟು. ಟೇಕಾಫ್, ಲ್ಯಾಂಡಿಂಗ್ ಹೊತ್ತಿನಲ್ಲಿ ಮಗುವನ್ನು ಅದರಲ್ಲಿ ಮಲಗಿಸುವ ಹಾಗಿಲ್ಲ. ವಿಮಾನ ಅಲುಗಾಡಿದರೂ ಎತ್ತಿಕೊಳ್ಳಬೇಕು. ನನ್ನ ಮಗ ಕಷ್ಟಪಟ್ಟು ನಿದ್ದೆ ಹೋದ ಹತ್ತೇ ನಿಮಿಷಕ್ಕೆ ಬೆಲ್ಟಿನ ದೀಪ ಹತ್ತಿತ್ತು.

ತೊಡೆ ಸಾಕಾ, ಸ್ವಂತ ಸೀಟಾ? ದುಡ್ಡು ಹೊಂದಿದರೆ ಸೀಟು ಅನ್ನುತ್ತೇನೆ ನಾನು. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಡಿಸಿ-10 ವಿಮಾನವೊಂದು ತುರ್ತಾಗಿ ಇಳಿಯಲು ಹೋಗಿ ಒಡೆದುಹೋಯಿತು. ಅದರಲ್ಲಿ ಸ್ವಂತ ಸೀಟಿಲ್ಲದ ನಾಲ್ಕು ಮಕ್ಕಳಿದ್ದರು. ಆಗಿನ ಕ್ರಮದ ಪ್ರಕಾರ ಮಕ್ಕಳನ್ನು ನೆಲದ ಮೇಲಿಟ್ಟು ಹಿಡಿದುಕೊಳ್ಳಲು ಹೇಳಲಾಯಿತು. ಅವರಲ್ಲಿ ಒಂದು ಮಗು ಉಳಿಯಲಿಲ್ಲ. ಕೈಯಲ್ಲಿ ಎಷ್ಟೇ ಗಟ್ಟಿ ಹಿಡಿದರೂ ಆ ರಭಸಕ್ಕೆ ನಿಲ್ಲುವುದಿಲ್ಲ. ಅಮೆರಿಕದ ವಿಮಾನಯಾನ ಇಲಾಖೆ ತೊಡೆ ಮೇಲೆ ಕೂರಿಸುವುದನ್ನು ಇನ್ನೂ ನಿಷೇಧಿಸಿಲ್ಲ, ಆದರೆ ಮಗುವಿನ ಸ್ವಂತ ಸೀಟಿನ ಮೇಲೆ ಕಾರ್ ಸೀಟ್ (ಕಾರಿನಲ್ಲಿ ಮಗುವನ್ನು ಬೆಲ್ಟ್ ಹಾಕಿ ಕೂರಿಸುವ ಪುಟ್ಟ ಆಸನ) ಇಟ್ಟು ಅದರಲ್ಲಿ ಕೂರಿಸಿ ಎಂದೇ ಸಲಹೆ ಕೊಡುತ್ತದೆ.

ಸ್ವಂತ ಸೀಟು ಕೊಳ್ಳುವವರಿಗೆ ಒಂದು ಕಿರಿಕಿರಿ ಇದೆ. ಎಷ್ಟೋ ವೆಬ್‌ಸೈಟುಗಳು ಹುಟ್ಟಿದ ತಾರೀಖು ನೋಡಿ ಮಗುವನ್ನು ಸೀದಾ ಇನ್‌ಫೆಂಟ್ ಮಾಡಿಬಿಡುತ್ತವೆ. ಆಗ ಫೋನಿನಲ್ಲೇ ಬುಕ್ ಮಾಡಿ. ಕಾರ್ ಸೀಟಿನ ಮೇಲೆ ವಿಮಾನದಲ್ಲಿ ಬಳಸಬಹುದು ಎಂಬ ಮುದ್ರೆ ಇದೆಯಾ ನೋಡಿ, ಅಗಲ ಅಳೆದು ಹೇಳಿ. ಸಾಮಾನ್ಯವಾಗಿ ಅದನ್ನು ಕಿಟಕಿ ಪಕ್ಕ ಹಾಕಿಸುತ್ತಾರೆ, ತುರ್ತಿನಲ್ಲಿ ಬೇರೆಯವರ ದಾರಿಗೆ ಅಡ್ಡ ಬರಬಾರದಲ್ವಾ.

ಸ್ಟ್ರೋಲರ್ ಮತ್ತು ಕಾರ್ ಸೀಟನ್ನು ಲಗೇಜಿಗೆ ಹಾಕಲು ಸಾಮಾನ್ಯವಾಗಿ ದುಡ್ಡು ತಗೊಳ್ಳುವುದಿಲ್ಲ. ತೊಡೆ ಮೇಲಿನ ಮಗುವಿಗೆ ಬೇರೆ ಲಗೇಜ್ ಇದೆಯಾ ಅನ್ನುವುದು ಟಿಕೆಟ್ಟಿನಲ್ಲೇ ಬರೆದಿರುತ್ತದೆ. ಪ್ರಯಾಣಕ್ಕೆ ಎರಡು ದಿನ ಇರುವಾಗ ಬುಕಿಂಗ್ ತೆಗೆದು ಮಗುವಿನ ಹೆಸರು ಪ್ರತಿ ವಿಮಾನದಲ್ಲೂ ಇದೆಯಾ ನೋಡಿ. ಒಂದು ಕಂಪನಿಯ ಟಿಕೆಟ್ಟಿನಲ್ಲಿ ಇನ್ನೊಂದು ಕಂಪನಿಯ ವಿಮಾನ ಹತ್ತುವುದಿದ್ದರೆ ಇದನ್ನು ಬಿಡಲೇಬೇಡಿ. ನಮಗೆ ಒಮ್ಮೆ ಮಗಳ ಹೆಸರು ಎರಡೂ ವಿಮಾನದಲ್ಲಿತ್ತು, ಮಗನದು ಒಂದರಲ್ಲಿ ಮಾತ್ರ. ಫೋನಿನಲ್ಲಿ ಸರಿ ಮಾಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಮಗು ಜೊತೆಗಿದ್ದರೆ ಎಷ್ಟೋ ಸಲ ಆನ್‌ಲೈನ್ ಚೆಕ್-ಇನ್ ಆಗುವುದಿಲ್ಲ, ಕೌಂಟರಿಗೇ ಹೋಗಬೇಕು. ಅಲ್ಲಿ ನಿಂತಾಗ ಈ ತಪ್ಪು ಗೊತ್ತಾಗಿದ್ದರೆ ವಿಮಾನ ಸಿಗುತ್ತಿರಲಿಲ್ಲ.