ಅಂತರ ಹುಟ್ಟುವ ಹಂತ ಯಾವುದು? ಅಮೆರಿಕದ ರಾಜ್ಯ ಇಲಾಖೆಯೊಂದರ ದತ್ತಾಂಶ ವಿಭಾಗದಿಂದ

ಅಮೆರಿಕದ ರಾಜ್ಯಗಳಲ್ಲಿ ಆರೋಗ್ಯ ಇಲಾಖೆಗೋ ಮಕ್ಕಳ ಸೇವಾ ಇಲಾಖೆಗೋ ‘ಜನಾಂಗಗಳ ನಡುವಿನ ಅಂತರ ಕಡಿಮೆ ಮಾಡಿ’ ಎಂಬ ಆದೇಶ ಬಂದರೆ ಸಾಮಾನ್ಯವಾಗಿ ಮೊದಲು ನಡೆಯುವುದು ತರಬೇತಿ ಶಿಬಿರ. ನಮ್ಮ ವಿಭಾಗದಲ್ಲಿ ಅದಕ್ಕೆ ಕೊನೆಯ ಸ್ಥಾನ. ನಾವು ಮೊದಲು ನೋಡುವುದು ಅರ್ಜಿಯಲ್ಲಿರುವ ಜನಾಂಗದ ಕಾಲಂ.

ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್‌ನ ಅರ್ಜಿಯಲ್ಲಿ ಈ ಪ್ರಶ್ನೆಗೆ ಉತ್ತರಿಸಲೇಬೇಕೆಂಬ ಕಡ್ಡಾಯವಿಲ್ಲ. ಹಾಗಾಗಿ ಎಷ್ಟು ಜನ ಖಾಲಿ ಬಿಟ್ಟಿದ್ದಾರೆ ಎಂಬುದನ್ನು ಕೌಂಟಿವಾರು, ಅಂದರೆ ನಮ್ಮ ಜಿಲ್ಲೆಯಂಥ ಘಟಕವಾರು, ಎಣಿಸುತ್ತೇವೆ. ಆನ್‌ಲೈನ್, ಫೋನ್, ಕೌಂಟರ್ ಹೀಗೆ ಅರ್ಜಿ ಬಂದ ದಾರಿಯನ್ನೂ ಬೇರೆ ಮಾಡುತ್ತೇವೆ. ಅಕ್ಕಪಕ್ಕದ ಕಚೇರಿಗಳಲ್ಲಿ ಇಲ್ಲದಷ್ಟು ಖಾಲಿ ಕಾಲಂ ಒಂದೇ ಕಚೇರಿಯಲ್ಲಿದ್ದರೆ, ಅರ್ಜಿದಾರರ ಸಂಕೋಚಕ್ಕಿಂತ ಕೇಳದೆಯೇ ಮುಂದಿನ ಪುಟಕ್ಕೆ ಹೋಗುವ ಸಿಬ್ಬಂದಿಯ ಅಭ್ಯಾಸವೇ ಅದಕ್ಕೆ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಮುಖ ನೋಡಿ ತಾವೇ ಗುರುತು ಹಾಕುವುದು ಅದಕ್ಕಿಂತ ಕೆಟ್ಟದ್ದು. ‘ಇದರಿಂದ ನಿಮ್ಮ ಅರ್ಹತೆಗೆ ಏನೂ ಆಗುವುದಿಲ್ಲ, ಎಲ್ಲರಿಗೂ ಸೇವೆ ಸರಿಯಾಗಿ ಸಿಗುತ್ತಿದೆಯೇ ಎಂದು ನೋಡಲು ಕೇಳುತ್ತಿದ್ದೇವೆ’ ಎಂಬ ಒಂದು ಸಾಲನ್ನು ಪ್ರಶ್ನೆಗೆ ಮುಂಚೆ ಓದಿಸಬೇಕು, ಪ್ರಶ್ನೆ ಸಹಿಯ ಪುಟಕ್ಕಿಂತ ಮೊದಲೇ ಬರಬೇಕು.

ಫೆಡರಲ್ ಸರ್ಕಾರ 2024ರ ಮಾರ್ಚ್‌ನಲ್ಲಿ ವರ್ಗೀಕರಣ ಬದಲಿಸಿತು. 1997ರ ನಿಯಮದಲ್ಲಿ ‘ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ನಾಡುಗಳ ಮೂಲದವರು) ಹೌದೇ?’ ಎಂಬುದು ಒಂದು ಪ್ರಶ್ನೆ, ಜನಾಂಗ ಇನ್ನೊಂದು. ಹೊಸದರಲ್ಲಿ ಎರಡೂ ಸೇರಿ ಒಂದೇ ಪ್ರಶ್ನೆ, ಏಳು ವರ್ಗ. ಮಧ್ಯಪ್ರಾಚ್ಯ–ಉತ್ತರ ಆಫ್ರಿಕಾದವರಿಗೆ ಪ್ರತ್ಯೇಕ ಚೌಕ. ಹಳೆಯ ಉತ್ತರವನ್ನು ಹೊಸ ವರ್ಗಕ್ಕೆ ಹೊಂದಿಸುವಾಗ ಮೂಲ ಉತ್ತರದ ಮೇಲೆಯೇ ಬರೆದುಬಿಟ್ಟರೆ ಮುಗಿಯಿತು, ಹಿಂದಿನ ವರ್ಷಗಳ ಜೊತೆ ಹೋಲಿಸುವ ದಾರಿಯೇ ಇರುವುದಿಲ್ಲ. ಮೂಲ ಉತ್ತರಕ್ಕೆ ಬೇರೆ ಕಾಲಂ ಇಡಿ. ಒಂದಕ್ಕಿಂತ ಹೆಚ್ಚು ಗುರುತು ಹಾಕಿದವರನ್ನು ‘ಮಿಶ್ರ’ ಎಂಬ ಒಂದೇ ಬುಟ್ಟಿಗೆ ಹಾಕಬಾರದು. 2020ರ ಜನಗಣತಿಯಲ್ಲಿ ಮೂಲನಿವಾಸಿ ಅಮೆರಿಕನ್ ಎಂಬ ಒಂದನ್ನೇ ಹೇಳಿದವರು ಸುಮಾರು 37 ಲಕ್ಷ. ಬೇರೆ ಗುರುತಿನ ಜೊತೆಗೆ ಹೇಳಿದವರನ್ನೂ ಸೇರಿಸಿದರೆ ಸುಮಾರು 97 ಲಕ್ಷ. ಅರ್ಧಕ್ಕಿಂತ ಹೆಚ್ಚು ಜನ ಆ ಬುಟ್ಟಿಯಲ್ಲಿ ಮಾಯವಾಗುತ್ತಾರೆ.

ಖಾಲಿ ಕಾಲಂ ತುಂಬಲು ಉಪನಾಮ ಮತ್ತು ವಿಳಾಸದಿಂದ ಜನಾಂಗದ ಸಂಭವನೀಯತೆ ಅಂದಾಜಿಸುವ ವಿಧಾನವೊಂದಿದೆ. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದು; ಜನಗಣತಿಯ ಉಪನಾಮ ಪಟ್ಟಿ ಇದಕ್ಕೆ ಆಧಾರ. ದೊಡ್ಡ ಗುಂಪಿನ ಸರಾಸರಿಗೆ ಪರವಾಗಿಲ್ಲ, ಒಬ್ಬ ವ್ಯಕ್ತಿಯ ಕಡತಕ್ಕೆ ಹಚ್ಚಬಾರದು. ಮೂಲನಿವಾಸಿಗಳ ಮತ್ತು ಮಿಶ್ರ ಕುಟುಂಬಗಳ ವಿಷಯದಲ್ಲಿ ಅದು ಎಡವುತ್ತದೆ. ನಮ್ಮವರ ವಿಷಯದಲ್ಲಿಯೂ ಅಷ್ಟೆ: ಮಂಗಳೂರು ಕಡೆಯ ಪಿಂಟೊ, ಲೋಬೊ, ಫೆರ್ನಾಂಡಿಸ್‌ಗಳು ಹಿಸ್ಪಾನಿಕ್ ಅಥವಾ ಬಿಳಿಯರ ಲೆಕ್ಕಕ್ಕೆ ಜಾರುವ ಸಾಧ್ಯತೆ ಇದೆ. ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಕೊನೆಯ ಹೆಸರಾಗಿ ಬರೆಸಿದವರು ಎಷ್ಟೋ ಸಲ ಪಟ್ಟಿಯಲ್ಲೇ ಸಿಗುವುದಿಲ್ಲ, ಏಕೆಂದರೆ ಅದರಲ್ಲಿರುವುದು ನೂರಕ್ಕೆ ಕಡಿಮೆಯಿಲ್ಲದಷ್ಟು ಜನರಿಗಿರುವ ಉಪನಾಮಗಳು ಮಾತ್ರ.

ಆಮೇಲೆ ಛೇದದ ಪ್ರಶ್ನೆ. ಶಿಶುಮರಣ ಪ್ರಮಾಣ ತೆಗೆಯುವಾಗ ಅಂಶವನ್ನು ಮರಣ ಪ್ರಮಾಣಪತ್ರದಿಂದ, ಛೇದವನ್ನು ಜನನ ಪ್ರಮಾಣಪತ್ರದಿಂದ ತೆಗೆದುಕೊಂಡರೆ ಒಂದೇ ಮಗುವಿಗೆ ಎರಡು ಜನಾಂಗ ದಾಖಲಾಗಿರಬಹುದು. ಮರಣಪತ್ರದಲ್ಲಿ ಮೂಲನಿವಾಸಿಗಳನ್ನು ಬಿಳಿಯರೆಂದು ಬರೆಯುವುದು ಹಳೆಯ ರೋಗ. ಅದಕ್ಕೇ ಎರಡೂ ದಾಖಲೆಗಳನ್ನು ಜೋಡಿಸಿ ಜನನಪತ್ರದಲ್ಲಿ ತಾಯಿ ಹೇಳಿದ ಜನಾಂಗವನ್ನೇ ಎರಡೂ ಕಡೆ ಬಳಸಬೇಕು. 20ಕ್ಕಿಂತ ಕಡಿಮೆ ಘಟನೆಗಳಿದ್ದರೆ ಪ್ರಮಾಣ ಸ್ಥಿರವಲ್ಲ. ಮೂರು ಅಥವಾ ಐದು ವರ್ಷ ಒಟ್ಟುಗೂಡಿಸಿ. ‘ಸಂಖ್ಯೆ ಚಿಕ್ಕದು’ ಎಂದು ಸಾಲನ್ನೇ ತೆಗೆದುಹಾಕುವುದು ಸೋಮಾರಿತನ.

ಮಕ್ಕಳ ರಕ್ಷಣೆಯ ಕೆಲಸದಲ್ಲಿ ಇಷ್ಟೆಲ್ಲ ಆದ ಮೇಲೆಯೇ ನಿಜವಾದ ಹುಡುಕಾಟ ಶುರು. ಮಗುವಿಗೆ ಮನೆಯಲ್ಲಿ ಹಿಂಸೆಯೋ ನಿರ್ಲಕ್ಷ್ಯವೋ ಆಗುತ್ತಿದೆ ಎಂದು ಯಾರೋ ದೂರು ಕೊಡುತ್ತಾರೆ, ಅದು ತನಿಖೆಗೆ ಹೋಗುತ್ತದೆ, ಕೆಲವು ಮಕ್ಕಳನ್ನು ಮನೆಯಿಂದ ಬೇರ್ಪಡಿಸುತ್ತಾರೆ. ಒಂದು ಕಾಲ್ಪನಿಕ ಲೆಕ್ಕ ನೋಡಿ. ಸಾವಿರ ಕಪ್ಪುವರ್ಣೀಯ ಮಕ್ಕಳಲ್ಲಿ 80 ಮಕ್ಕಳ ಕುರಿತು ದೂರು, 48 ತನಿಖೆ, 6 ಬೇರ್ಪಡಿಕೆ. ಸಾವಿರ ಬಿಳಿಯ ಮಕ್ಕಳಲ್ಲಿ 40 ದೂರು, 22 ತನಿಖೆ, 2.2 ಬೇರ್ಪಡಿಕೆ. ಕೊನೆಯ ಅಂತರ 2.73 ಪಟ್ಟು. ಒಂದೊಂದು ಹಂತವನ್ನೂ ಅದರ ಹಿಂದಿನ ಹಂತದಿಂದ ಭಾಗಿಸಿ ಎರಡೂ ಗುಂಪುಗಳನ್ನು ಹೋಲಿಸಿದರೆ ದೂರಿನಲ್ಲಿ 2, ತನಿಖೆಗೆ ತೆಗೆದುಕೊಳ್ಳುವಲ್ಲಿ 1.09, ಬೇರ್ಪಡಿಸುವಲ್ಲಿ 1.25. ಮೂರನ್ನೂ ಗುಣಿಸಿದರೆ ಮತ್ತೆ ಅದೇ 2.73. ಬೇರ್ಪಡಿಸುವ ಹಂತದಲ್ಲಿ ಪೂರ್ವಗ್ರಹ ಪೂರ್ತಿ ತೊಲಗಿ ಆ 1.25 ಒಂದಕ್ಕೆ ಇಳಿದರೂ ಅಂತರ 2.18ಕ್ಕೆ ನಿಲ್ಲುತ್ತದೆ. ಬೇರ್ಪಡಿಸುವ ನಿರ್ಧಾರದ ಸಭೆಯಲ್ಲಿ ಹೆಸರು, ಜನಾಂಗ, ಬಡಾವಣೆ ಮುಚ್ಚಿಟ್ಟು ಚರ್ಚಿಸುವ ಪದ್ಧತಿ ನ್ಯೂಯಾರ್ಕ್‌ನ ನಸ್ಸಾವ್ ಕೌಂಟಿಯಿಂದ ಹೆಸರಾಯಿತು. ಅಂತರ ದೂರಿನ ಹಂತದಲ್ಲೇ ಹುಟ್ಟಿದ್ದರೆ ಅಲ್ಲಿ ಮುಚ್ಚಿಟ್ಟು ಏನು ಸಿಗುತ್ತದೆ?

ದೂರಿನ ಹಂತದಲ್ಲಿ ಕೈಹಾಕಲು ದೂರು ಕೊಟ್ಟವರು ಯಾರು ಎಂಬುದನ್ನು ಬಿಡಿಸಬೇಕು: ಶಾಲೆ, ಪೊಲೀಸ್, ಆಸ್ಪತ್ರೆ. ಆಸ್ಪತ್ರೆಯಿಂದ ಬರುವುದರಲ್ಲಿ ಹೆರಿಗೆ ವಾರ್ಡಿನ ಮಾದಕದ್ರವ್ಯ ಪರೀಕ್ಷೆಯನ್ನು ಪ್ರತ್ಯೇಕವಾಗಿ ನೋಡಿ. ಯಾರ ಮೂತ್ರ ಪರೀಕ್ಷಿಸಬೇಕೆಂಬುದು ಸಿಬ್ಬಂದಿಯ ‘ಅನಿಸಿಕೆ’ಗೆ ಬಿಟ್ಟಲ್ಲಿ ಅಂತರ ಅಲ್ಲೇ ಹುಟ್ಟುತ್ತದೆ. ಎಲ್ಲ ಗರ್ಭಿಣಿಯರಿಗೂ ಮೊದಲು ಬಾಯಿಮಾತಿನ ಪ್ರಶ್ನಾವಳಿ, ಪರೀಕ್ಷೆಗೆ ಲಿಖಿತ ಕಾರಣ, ತಾಯಿಯ ಒಪ್ಪಿಗೆ. ಇಷ್ಟು ನಿಯಮ ಬೇಕು. ಪ್ರಾಥಮಿಕ ಪರೀಕ್ಷೆಯ ಪಾಸಿಟಿವ್ ಅಂತಿಮವಲ್ಲ, ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ನಿಖರ ಪ್ರಯೋಗಾಲಯ ಪರೀಕ್ಷೆಯಿಂದ ದೃಢಪಡಬೇಕು. ಹೆರಿಗೆ ನೋವಿಗೆ ಬೆನ್ನಿಗೆ ಕೊಟ್ಟ ಎಪಿಡ್ಯೂರಲ್‌ನಲ್ಲಿದ್ದ ಫೆಂಟನಿಲ್ ಎಂಬ ಅಫೀಮು ಮಾದರಿಯ ನೋವು ನಿವಾರಕ ಕೂಡ ಶಿಶುವಿನ ಮೂತ್ರದಲ್ಲಿ ಕಾಣಬಹುದು. ಆಗ ದೃಢೀಕರಣವೂ ಸಾಲದು, ಹೆರಿಗೆಯ ಔಷಧ ಚೀಟಿಯನ್ನು ಫಲಿತಾಂಶದ ಜೊತೆ ಲಗತ್ತಿಸಲೇಬೇಕು.

ಮಗುವನ್ನು ಬೇರ್ಪಡಿಸಲೇಬೇಕಾದರೆ ಅಜ್ಜಿ, ಅತ್ತೆ, ಚಿಕ್ಕಪ್ಪನ ಮನೆಗೆ ಎಷ್ಟು ಮಕ್ಕಳು ಹೋದರು ಎಂಬುದನ್ನು ಜನಾಂಗವಾರು ನೋಡುತ್ತೇವೆ. ಮಲಗುವ ಕೋಣೆಯ ಅಳತೆಯಂಥ ಕಾರಣಕ್ಕೆ ಮಗುವನ್ನು ಇಟ್ಟುಕೊಳ್ಳುವ ಪರವಾನಗಿಯನ್ನು ಅಜ್ಜಿಗೆ ನಿರಾಕರಿಸಿದ್ದರೆ ಆ ಕಾರಣಗಳನ್ನು ಪಟ್ಟಿ ಮಾಡಿ. 2023ರ ಫೆಡರಲ್ ನಿಯಮ ಬಂಧುಗಳಿಗೆ ಬೇರೆಯೇ, ಸರಳ ಮಾನದಂಡ ಇಡಲು ರಾಜ್ಯಗಳಿಗೆ ಅವಕಾಶ ಕೊಟ್ಟಿದೆ. ಮೂಲನಿವಾಸಿ ಮಕ್ಕಳಿಗೆ 1978ರ ಇಂಡಿಯನ್ ಚೈಲ್ಡ್ ವೆಲ್ಫೇರ್ ಕಾಯ್ದೆ ಇದೆ. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬುಡಕಟ್ಟಿಗೆ ಸ್ವೀಕೃತಿ ಬರುವ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಹೋಗಬೇಕು, ಅದು ತಲುಪಿ ಕನಿಷ್ಠ 10 ದಿನ ಆಗುವವರೆಗೆ ಫಾಸ್ಟರ್ ಮನೆಗೆ (ತಾತ್ಕಾಲಿಕವಾಗಿ ಸಾಕುವ ಮನೆಗೆ) ಕಳಿಸುವ ವಿಚಾರಣೆ ನಡೆಯುವಂತಿಲ್ಲ. ಇದೆಲ್ಲ ತಪ್ಪುವುದು ಒಂದೇ ಜಾಗದಲ್ಲಿ: ‘ಬುಡಕಟ್ಟಿನ ಸಂಬಂಧವಿದೆಯೇ?’ ಎಂಬುದಕ್ಕೆ ಯಾರನ್ನೂ ಕೇಳದೆ ‘ಇಲ್ಲ’ ಎಂದು ಟಿಕ್ ಬೀಳುತ್ತದೆ. ಆ ಚೌಕ ಮೊದಲೇ ತುಂಬಿರಕೂಡದು. ಯಾರನ್ನು, ಯಾವ ದಿನ ಕೇಳಲಾಯಿತು ಎಂದು ಬರೆಯದೆ ಪುಟ ಸೇವ್ ಆಗಬಾರದು.

ಅನಿಸಿಕೆಗೆ ಬಿಟ್ಟಲ್ಲಿ ಅಂತರ ಹುಟ್ಟುತ್ತದೆ ಎಂಬ ತರ್ಕ ಹೆರಿಗೆ ರಕ್ತಸ್ರಾವದಲ್ಲಿಯೂ ಅನ್ವಯಿಸುತ್ತದೆ. ಕಣ್ಣಂದಾಜಿನಲ್ಲಿ ಹೆಚ್ಚಿನ ರಕ್ತಸ್ರಾವ ಕಡಿಮೆಯಾಗಿಯೇ ಕಾಣುತ್ತದೆ, ಜೊತೆಗೆ ಯಾರ ಮಾತನ್ನು ನಂಬುತ್ತಾರೆ ಎಂಬುದೂ ಸೇರಿಕೊಳ್ಳುತ್ತದೆ. ಒದ್ದೆ ಪ್ಯಾಡ್ ತೂಗಿ, ಒಣ ತೂಕ ಕಳೆಯಿರಿ. ಒಂದು ಗ್ರಾಂ ಅಂದರೆ ಒಂದು ಮಿಲಿಲೀಟರ್. ಒಣ ತೂಕದ ಪಟ್ಟಿ ತಕ್ಕಡಿಯ ಪಕ್ಕದಲ್ಲೇ ಅಂಟಿಸಿರಬೇಕು. 1000 ಮಿಲಿಲೀಟರ್ ದಾಟಿದರೆ ಎಲ್ಲರಿಗೂ ಒಂದೇ ಕ್ರಮ.

ಫಲಿತಾಂಶ ಪ್ರಕಟಿಸುವಾಗ ಅನುಪಾತ ಒಂದನ್ನೇ ಕೊಡಬೇಡಿ. ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 2021ರಲ್ಲಿ ಕಪ್ಪುವರ್ಣೀಯರಲ್ಲಿ 69.9, ಬಿಳಿಯರಲ್ಲಿ 26.6, 2023ರಲ್ಲಿ 50.3 ಮತ್ತು 14.5. ಎರಡೂ ಇಳಿದಿವೆ. ವ್ಯತ್ಯಾಸ 43.3ರಿಂದ 35.8ಕ್ಕೆ ಬಂದಿದೆ. ಅನುಪಾತ ಮಾತ್ರ 2.6ರಿಂದ 3.5ಕ್ಕೆ ಏರಿದೆ. 2021 ಕೋವಿಡ್ ವರ್ಷ ಎಂಬುದನ್ನೂ ಮರೆಯುವಂತಿಲ್ಲ. ಬೇಕಾದ್ದನ್ನು ಆರಿಸಿ ಹೇಳುವವರು ಎರಡೂ ಕಡೆ ಇರುವುದರಿಂದ ನಾವು ಎರಡು ಪ್ರಮಾಣ, ವ್ಯತ್ಯಾಸ, ಅನುಪಾತ ನಾಲ್ಕನ್ನೂ ಒಂದೇ ಸಾಲಿನಲ್ಲಿ ಅಚ್ಚುಹಾಕುತ್ತೇವೆ, ವರ್ಗೀಕರಣ ಬದಲಾದ ವರ್ಷದಲ್ಲಿ ಗ್ರಾಫ್‌ನಲ್ಲಿ ಲಂಬ ಗೆರೆ ಎಳೆಯುತ್ತೇವೆ.