ಆಯ್ಕೆಪಟ್ಟಿಯಲ್ಲಿ ‘ಮೈಸೂರು’ ಒಡೆಯದಂತೆ: ಒಂದು ಮುಕ್ತ ಯುಐ ಲೈಬ್ರರಿಗೆ ಕೋಡ್ ಕೊಟ್ಟ ಅನುಭವ

ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಸಾಧನದಲ್ಲಿ ಜಾಲತಾಣ ಕಟ್ಟುವವರಲ್ಲಿ ಹೆಚ್ಚಿನವರು ಬಟನ್, ಡ್ರಾಪ್‌ಡೌನ್, ಡೈಲಾಗ್‌ಗಳನ್ನು ತಾವೇ ಬರೆಯುವುದಿಲ್ಲ. ಮೆಟೀರಿಯಲ್ ಯುಐ, ಆಂಟ್ ಡಿಸೈನ್‌ನಂತಹ ಮುಕ್ತ ಲೈಬ್ರರಿಗಳಿಂದ (ಪರದೆಯ ಭಾಗಗಳಿಗೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸಿದ್ಧ ಕೋಡ್‌ನ ಸಂಗ್ರಹಗಳಿಂದ) ತೆಗೆದುಕೊಳ್ಳುತ್ತಾರೆ. ಹಾಗಾಗಿ ಲೈಬ್ರರಿಯಲ್ಲಿ ಕನ್ನಡ ಕೆಟ್ಟರೆ ಅದನ್ನು ನೆಚ್ಚಿಕೊಂಡ ಎಲ್ಲ ತಾಣಗಳಲ್ಲೂ ಕೆಡುತ್ತದೆ, ಲೈಬ್ರರಿಯಲ್ಲೇ ಸರಿಪಡಿಸಿದರೆ ಆ ಎಲ್ಲ ತಾಣಗಳಿಗೂ ದಕ್ಕುತ್ತದೆ. ಕನ್ನಡ ಬಲ್ಲ ತಂತ್ರಜ್ಞರು ತಮ್ಮ ಆ್ಯಪ್‌ನಲ್ಲಿ ತೇಪೆ ಹಾಕಿ ಮುಂದೆ ಹೋಗುವ ಬದಲು ಮೂಲಕ್ಕೇ ಹೋಗಬೇಕು ಎಂದು ನಾನು ಬಲವಾಗಿ ನಂಬಿರುವುದು ಈ ಕಾರಣಕ್ಕೆ.

ನಮ್ಮಲ್ಲಿ ಕೊಡುಗೆ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಅನುವಾದದ ಕಡತ. ಆಂಟ್ ಡಿಸೈನ್‌ನಲ್ಲಿ ಕನ್ನಡದ ಲೊಕೇಲ್ ಕಡತ ಈಗಾಗಲೇ ಇದೆ. ಇಲ್ಲದ ಲೈಬ್ರರಿಗಳಿಗೆ ಅದನ್ನು ಸೇರಿಸುವುದು ಒಳ್ಳೆಯ ಮೊದಲ ಕೆಲಸವೇ ಸರಿ. ಆದರೆ ‘ರದ್ದುಮಾಡಿ’ ಎಂಬ ಪದ ಕನ್ನಡದಲ್ಲಿ ಬಂದ ಮಾತ್ರಕ್ಕೆ ಕಾಂಪೊನೆಂಟ್ (ಬಟನ್, ಡ್ರಾಪ್‌ಡೌನ್‌ನಂತಹ ಬಿಡಿಭಾಗ) ಕನ್ನಡವನ್ನು ಅರಿತಂತಾಗುವುದಿಲ್ಲ. ನಾನು ಕೈಹಾಕಿದ್ದು ಅದರ ಒಳಗಿನ ಒಂದು ತೊಡಕಿಗೆ.

ನಾನು ಕೆಲಸದಲ್ಲಿ ಬಳಸುವ ಲೈಬ್ರರಿಯೊಂದರ ಆಟೋಕಂಪ್ಲೀಟ್ (ಟೈಪ್ ಮಾಡಿದಂತೆ ಹೊಂದುವ ಪದಗಳನ್ನು ಸೂಚಿಸುವ ಪೆಟ್ಟಿಗೆ), ಬಳಕೆದಾರರು ಟೈಪ್ ಮಾಡಿದ ಭಾಗವನ್ನು ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ತೋರಿಸುತ್ತದೆ. ಊರುಗಳ ಪಟ್ಟಿಯಲ್ಲಿ ‘ಸೂ’ ಎಂದು ಹುಡುಕಿದಾಗ ‘ಮೈಸೂರು’ ಬಂತು, ಆದರೆ ಒಡೆದು ಬಂತು: ‘ಮೈಸ’ ತೆಳುವಾಗಿ, ಆಮೇಲೆ ಒಂದು ಚುಕ್ಕಿವೃತ್ತಕ್ಕೆ ಅಂಟಿದ ಊಕಾರದ ಚಿಹ್ನೆಯೂ ‘ರ’ಕಾರವೂ ದಪ್ಪವಾಗಿ, ಕೊನೆಗೆ ಇನ್ನೊಂದು ಚುಕ್ಕಿವೃತ್ತಕ್ಕೆ ಅಂಟಿದ ಉಕಾರದ ಚಿಹ್ನೆ ಮತ್ತೆ ತೆಳುವಾಗಿ.

ಕಾರಣ ಹುಡುಕಲು ಕೋಡ್ ಓದಿದೆ. ಲ್ಯಾಟಿನ್ ಲಿಪಿಯ ಉಚ್ಚಾರಣಾ ಗುರುತುಗಳನ್ನು ಕಡೆಗಣಿಸುವ ಸಲುವಾಗಿ ಆ ಕಾಂಪೊನೆಂಟ್ ಪ್ರತಿ ಪದವನ್ನೂ ಯೂನಿಕೋಡ್‌ನ (ಪ್ರತಿ ಅಕ್ಷರ, ಚಿಹ್ನೆಗೂ ಒಂದು ಸಂಖ್ಯಾಸಂಕೇತ ಕೊಡುವ ವ್ಯವಸ್ಥೆಯ) ಎನ್‌ಎಫ್‌ಡಿ ರೂಪಕ್ಕೆ, ಅಂದರೆ ಕೂಡಿದ ಸಂಕೇತಗಳು ಬಿಡಿಬಿಡಿಯಾಗುವ ರೂಪಕ್ಕೆ, ಬಿಡಿಸಿ, ಗುರುತುಗಳನ್ನು ತೆಗೆದು, ಆಮೇಲೆ ಹೋಲಿಸುತ್ತದೆ. ಎನ್‌ಎಫ್‌ಡಿಯಲ್ಲಿ ಕನ್ನಡದ ಐತ್ವ ಒಂದಾಗಿ ಉಳಿಯುವುದಿಲ್ಲ. ಎತ್ವ ಮತ್ತು ಐತ್ವದ ಬಾಲ ಎಂಬ ಎರಡು ಸಂಕೇತಗಳಾಗಿ ಬೇರ್ಪಡುತ್ತದೆ. ‘ಮೈಸೂರು’ ಮೂಲದಲ್ಲಿ 6 ಸಂಕೇತಗಳಿದ್ದರೆ ಬಿಡಿಸಿದ ಮೇಲೆ 7. ಸೊನ್ನೆಯಿಂದ ಎಣಿಸಿದರೆ ‘ಸೂ’ ಇರುವ ಸ್ಥಾನ ಮೂಲದಲ್ಲಿ 2, ಬಿಡಿಸಿದ ರೂಪದಲ್ಲಿ 3. ಬಿಡಿಸಿದ ಪದದಲ್ಲಿ ಸಿಕ್ಕ ಸ್ಥಾನವನ್ನು ಹಿಡಿದು ಮೂಲ ಪದವನ್ನು ಕತ್ತರಿಸಿದ್ದರಿಂದ ಕತ್ತರಿ ಒಂದು ಸಂಕೇತ ಮುಂದೆ ಬಿದ್ದಿತ್ತು. ದಪ್ಪಕ್ಷರಕ್ಕೂ ತೆಳು ಅಕ್ಷರಕ್ಕೂ ಫಾಂಟ್ ಬೇರೆಯಾದ ಕಾರಣ ಬ್ರೌಸರ್ ಎರಡು ತುಂಡುಗಳನ್ನು ಬೇರೆಬೇರೆಯಾಗಿ ಜೋಡಿಸುತ್ತದೆ. ವ್ಯಂಜನ ಕಳೆದುಕೊಂಡ ಸ್ವರಚಿಹ್ನೆಗೆ ಚುಕ್ಕಿವೃತ್ತ ಬರುವುದು ಹೀಗೆ.

ಕೋಡ್ ಬರೆಯುವ ಮೊದಲು ಇಶ್ಯೂ, ಅಂದರೆ ತೊಂದರೆಯ ವರದಿ, ತೆರೆದೆ. ಲೈಬ್ರರಿಯನ್ನು ನೋಡಿಕೊಳ್ಳುವ ಮೇಂಟೇನರ್‌ಗಳಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ ಎಂದುಕೊಂಡೇ ಬರೆಯಬೇಕು. ‘ಅಕ್ಷರ ತಪ್ಪಾಗಿ ಕಾಣುತ್ತಿದೆ’ ಎಂದರೆ ಅವರು ಪರೀಕ್ಷಿಸಿ ನೋಡುವ ಬಗೆಯೇ ಇರುವುದಿಲ್ಲ. ಆದ್ದರಿಂದ ಕಾಣಬೇಕಾದದ್ದು ಮತ್ತು ಕಾಣುತ್ತಿರುವುದು ಎಂಬ ಎರಡು ಚಿತ್ರಗಳನ್ನು ಹಾಕಿ, ಪದದ ಪ್ರತಿ ಸಂಕೇತದ ಯೂನಿಕೋಡ್ ಸಂಖ್ಯೆಯನ್ನು ಬಿಡಿಸುವ ಮೊದಲು ಮತ್ತು ಆಮೇಲೆ ಎಂದು ಎರಡು ಸಾಲುಗಳಲ್ಲಿ ಬರೆದು, ತೆರೆದೊಡನೆ ತೊಂದರೆ ಕಾಣುವಷ್ಟು ಚಿಕ್ಕದೊಂದು ಮಾದರಿಯ ಕೊಂಡಿ ಕೊಟ್ಟೆ. ಲಿಪಿಯ ಪರಿಚಯವಿಲ್ಲದವರಿಗೂ ಆ ಸಂಖ್ಯೆಗಳು ಅರ್ಥವಾದವು, ಚರ್ಚೆ ನೇರವಾಗಿ ಪರಿಹಾರಕ್ಕೆ ಬಂತು.

ಆ ಚರ್ಚೆಯೇ ಇಡೀ ಕೆಲಸದ ತಿರುಳು. ಗುರುತುಗಳನ್ನು ತೆಗೆದ ಮೇಲೆ ಪದವನ್ನು ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ಮತ್ತೆ ತಂದುಬಿಟ್ಟರೆ ಕನ್ನಡಕ್ಕೆ ಅಷ್ಟೇ ಸಾಕು. ‘ಕೆ’ ಎಂದು ಹುಡುಕಿದಾಗ ‘ಕೋಲಾರ’, ‘ಕೊಪ್ಪಳ’ ಬರುವ ತೊಂದರೆಯೂ ಅದರಿಂದಲೇ ನೀಗುತ್ತದೆ, ಏಕೆಂದರೆ ಬಿಡಿಸಿದ ರೂಪದಲ್ಲಿ ಒತ್ವ, ಓತ್ವಗಳೆರಡೂ ಎತ್ವದಿಂದಲೇ ಶುರುವಾಗುತ್ತವೆ. ಆದರೆ ಕೊರಿಯನ್ ಬಲ್ಲ ಒಬ್ಬ ಕೊಡುಗೆದಾರರು ಅವರ ಲಿಪಿಯ ಸ್ಥಿತಿ ವಿವರಿಸಿದರು. ಹಂಗುಲ್‌ನಲ್ಲಿ ‘ಹನ್’ ಎಂಬುದು ಒಂದೇ ಸಂಕೇತ. ಅದನ್ನು ಟೈಪ್ ಮಾಡುವ ನಡುವೆ ಪರದೆಯ ಮೇಲೆ ‘ಹ’ ಎಂಬ ಬೇರೊಂದು ಸಂಕೇತವಿರುತ್ತದೆ. ಬಿಡಿಸಿ ಹೋಲಿಸುವುದರಿಂದಲೇ ಅವರಿಗೆ ಅರ್ಧ ಟೈಪ್ ಮಾಡಿದಾಗಲೂ ಫಲಿತಾಂಶ ಸಿಗುತ್ತಿದೆ. ನಮಗೆ ತೊಡಕಾದದ್ದು ಅವರಿಗೆ ಅನುಕೂಲ. ಹಾಗಾಗಿ ಹೋಲಿಕೆಯನ್ನು ಮುಟ್ಟದೆ, ಬಿಡಿಸಿದ ಪ್ರತಿ ಸಂಕೇತ ಮೂಲದ ಯಾವ ಸ್ಥಾನದಿಂದ ಬಂತು ಎಂಬ ನಕ್ಷೆಯನ್ನು ಇಟ್ಟುಕೊಂಡು, ಕತ್ತರಿಸುವಾಗ ಆ ನಕ್ಷೆಯ ಮೂಲಕ ಮೂಲಸ್ಥಾನಕ್ಕೆ ಮರಳುವುದೆಂದು ತೀರ್ಮಾನವಾಯಿತು.

ಅಲ್ಲಿಗೆ ಅರ್ಧ ಕೆಲಸ. ‘ಮ’ ಎಂದಷ್ಟೇ ಟೈಪ್ ಮಾಡಿದರೆ ಸ್ಥಾನ ಸರಿಯಿದ್ದರೂ ಕತ್ತರಿ ‘ಮ’ಕಾರಕ್ಕೂ ಐತ್ವಕ್ಕೂ ನಡುವೆ ಬೀಳುತ್ತದೆ. ಪಠ್ಯವನ್ನು ಅಕ್ಷರಗಳಾಗಿ ವಿಂಗಡಿಸಲು ಬ್ರೌಸರ್‌ನಲ್ಲಿರುವ ಇಂಟ್ಲ್ ಸೆಗ್ಮೆಂಟರ್ ಬಳಸಬಾರದೇಕೆ ಎಂಬ ಪ್ರಶ್ನೆ ಬಂತು. ಫೈರ್‌ಫಾಕ್ಸ್‌ಗೆ ಅದು ಬಂದದ್ದು 2024ರ 125ನೇ ಆವೃತ್ತಿಯಲ್ಲಿ. ಲೈಬ್ರರಿ ಅದಕ್ಕಿಂತ ಹಳೆಯ ಬ್ರೌಸರ್‌ಗಳನ್ನೂ ಬೆಂಬಲಿಸುತ್ತಿತ್ತು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು: 2023ರ ಯೂನಿಕೋಡ್ 15.1 ಸಂಯುಕ್ತಾಕ್ಷರವನ್ನು ಒಡೆಯಬಾರದೆಂಬ ನಿಯಮವನ್ನು ದೇವನಾಗರಿ, ಬಾಂಗ್ಲಾ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ತಂದಿತು, ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಸೆಗ್ಮೆಂಟರ್ ‘ಶ್ರೀ’ಯನ್ನು ‘ಶ್’ ಮತ್ತು ‘ರೀ’ ಎಂದು ಎರಡು ಮಾಡುತ್ತದೆ. ಅಲ್ಲಿ ಕತ್ತರಿಸಿದರೆ ಒತ್ತಕ್ಷರವೇ ಇಲ್ಲವಾಗುತ್ತದೆ. ಆದ್ದರಿಂದ ಸಣ್ಣದೊಂದು ನಿಯಮ ಬರೆದೆ: ಹೊಂದಿದ ಭಾಗದ ಮುಂದೆ ಸ್ವರಚಿಹ್ನೆಯೋ ಹಲಂತ ಚಿಹ್ನೆಯೋ (‘ಶ್’ನಲ್ಲಿರುವಂತೆ ಸ್ವರವನ್ನು ತೆಗೆಯುವ ಗುರುತು) ಇದ್ದರೆ ಅದನ್ನೂ ಸೇರಿಸಿಕೊಳ್ಳಬೇಕು, ಕೊನೆಯದು ಹಲಂತ ಚಿಹ್ನೆಯಾದರೆ ಮುಂದಿನ ವ್ಯಂಜನವನ್ನೂ ಸೇರಿಸಿಕೊಳ್ಳಬೇಕು. ಹೊರಗಿನ ಪ್ಯಾಕೇಜ್ ಬೇಕಾಗಲಿಲ್ಲ; ಬಳಕೆದಾರರಿಗೆ ತಲುಪುವ ಕೋಡ್‌ನ (ಬಂಡಲ್‌ನ) ಗಾತ್ರದ ಬಗ್ಗೆ ಮೇಂಟೇನರ್‌ಗಳು ಎಷ್ಟು ಎಚ್ಚರದಿಂದಿರುತ್ತಾರೆಂದು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಸ್ಥಾನ ತಪ್ಪುವುದು, ಅಕ್ಷರದ ನಡುವೆ ಕತ್ತರಿ ಬೀಳುವುದು ಎಂಬ ಎರಡು ತೊಂದರೆಗಳಿಗೆ ಎರಡು ಪ್ರತ್ಯೇಕ ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸಿಕೊಳ್ಳಲು ಕೋರಿಕೆ) ಕಳುಹಿಸಿದೆ. ರಿವ್ಯೂ ಮಾಡುವವರು ಬಿಡುವಿನ ವೇಳೆಯಲ್ಲಿ ಕೂತು ಓದುತ್ತಾರೆ. ಒಂದು ಬದಲಾವಣೆಗೆ ಒಂದೇ ಕಾರಣವಿದ್ದರೆ ಅವರಿಗೆ ‘ಸರಿ’ ಎನ್ನುವುದು ಸುಲಭ. ಕನ್ನಡದ ಜೊತೆಗೆ ಇದೇ ರೀತಿ ಬೇರ್ಪಡುವ ತಮಿಳು, ಬಾಂಗ್ಲಾ, ಮಲಯಾಳಂ ಪದಗಳಿಗೂ ಟೆಸ್ಟ್ ಬರೆದೆ.

ಟೆಸ್ಟ್‌ಗಳ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಟೆಸ್ಟ್‌ಗಳಿಗಾಗಿ ಬ್ರೌಸರ್‌ನಂತೆ ನಟಿಸುವ ಜೆಎಸ್‌ಡಾಮ್ ಅಕ್ಷರಗಳನ್ನು ಚಿತ್ರಿಸುವುದಿಲ್ಲವಾದ್ದರಿಂದ ಅಲ್ಲಿ ತುಂಡುಗಳು ಸರಿಯೇ ಎಂದಷ್ಟೇ ನೋಡಬಹುದು, ಚುಕ್ಕಿವೃತ್ತ ಬಂತೇ ಎಂದು ನೋಡಲಾಗದು. ಅದಕ್ಕೆ ನಿಜವಾದ ಬ್ರೌಸರ್‌ನಲ್ಲಿ ಪರದೆಯ ಚಿತ್ರ ತೆಗೆದು ಹೋಲಿಸುವ ಟೆಸ್ಟ್ ಬೇಕು, ಆ ಟೆಸ್ಟ್ ಓಡುವ ಯಂತ್ರದಲ್ಲಿ ಕನ್ನಡ ಫಾಂಟ್ ಇರಬೇಕು. ಇಲ್ಲದಿದ್ದರೆ ಹಳೆಯ ಚಿತ್ರದಲ್ಲೂ ಹೊಸ ಚಿತ್ರದಲ್ಲೂ ಖಾಲಿ ಚೌಕಗಳೇ ಬಂದು, ಎರಡೂ ಒಂದೇ ಎಂದು ಟೆಸ್ಟ್ ಪಾಸಾಗುತ್ತದೆ. ಟೆಸ್ಟ್ ಓಡುವ ಪರಿಸರವಾದ ಡಾಕರ್ ಇಮೇಜಿಗೆ ನೋಟೊ ಸಾನ್ಸ್ ಕನ್ನಡ ಫಾಂಟ್ ಸೇರಿಸಿದ ಕಮಿಟ್ (ದಾಖಲಾದ ಬದಲಾವಣೆ) ನನ್ನ ದೃಷ್ಟಿಯಲ್ಲಿ ಮುಖ್ಯ ತಿದ್ದುಪಡಿಯಷ್ಟೇ ದೊಡ್ಡದು, ಏಕೆಂದರೆ ಮುಂದೆ ಯಾರು ಕೋಡ್ ಬದಲಿಸಿದರೂ ಕನ್ನಡ ಕೆಟ್ಟರೆ ಅಲ್ಲಿಯೇ ಗೊತ್ತಾಗುತ್ತದೆ.

ಎರಡೂ ಪುಲ್ ರಿಕ್ವೆಸ್ಟ್‌ಗಳು ಸೇರಿ, ಪ್ಯಾಚ್ (ಸಣ್ಣ ತಿದ್ದುಪಡಿಯ) ಆವೃತ್ತಿಯಾಗಿ ಹೊರಬಂದವು. ‘ಕೆ’ ಎಂದರೆ ‘ಕೋಲಾರ’ ಬರುವ ತೊಂದರೆ ಇನ್ನೂ ಇಶ್ಯೂ ಪಟ್ಟಿಯಲ್ಲಿದೆ; ಬಿಡಿಸುವ ರೂಪವನ್ನು ಆ್ಯಪ್ ಬರೆಯುವವರೇ ಆರಿಸಿಕೊಳ್ಳುವಂತೆ ಒಂದು ಆಯ್ಕೆ ಕೊಡುವ ಪ್ರಸ್ತಾಪವನ್ನು ಅಲ್ಲಿ ಇಟ್ಟಿದ್ದೇನೆ. ಸದ್ಯ ಬಳಕೆದಾರರ ಗುರುತಾಗಿ ಹೆಸರಿನ ಮೊದಲಕ್ಷರ ತೋರಿಸುವ ಅವತಾರ್ ಕಾಂಪೊನೆಂಟ್‌ನ ಮೇಲೆ ಕೆಲಸ ಮಾಡುತ್ತಿದ್ದೇನೆ. ಹೆಸರಿನ ಮೊದಲ ಸಂಕೇತವನ್ನಷ್ಟೇ ಎತ್ತಿಕೊಳ್ಳುವ ಅದು ‘ಶ್ರೀನಿವಾಸ’ನಿಗೆ ‘ಶ’ ಎಂದೂ ‘ಕೃಷ್ಣ’ನಿಗೆ ‘ಕ’ ಎಂದೂ ತೋರಿಸುತ್ತದೆ, ಮತ್ತು ಅಲ್ಲಿಯೂ ಇದೇ ನಿಯಮ ಹೊಂದುತ್ತದೆ.