ಸಕ್ಕರೆ ಕಾಯಿಲೆಯ ಇಲಿಗಳಲ್ಲಿ ನೋವು ಅಳೆದ ನನ್ನ ಅನುಭವ

ನರಕೋಶಗಳ ನಡುವೆ ಸಂದೇಶ ಒಯ್ಯುವ ಸಿರೊಟೋನಿನ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಮನಸ್ಸಿನ ಖಿನ್ನತೆ. ನಾನು ಅದರ ಹಿಂದೆ ಬಿದ್ದದ್ದು ನೋವಿಗಾಗಿ. ಮೆದುಳಿನ ಬುಡದಲ್ಲಿರುವ ರಾಫೆ ಭಾಗದಿಂದ ಬೆನ್ನುಹುರಿಗೆ ನರತಂತುಗಳು ಇಳಿದು ಬರುತ್ತವೆ. ಅವು ಅಲ್ಲಿ ಸಿರೊಟೋನಿನ್ ಬಿಡುತ್ತವೆ. ಸಿರೊಟೋನಿನ್ ಬಂದು ಅಂಟುವ ನರಕೋಶದ ಅಣುಗಳಿಗೆ ಗ್ರಾಹಕ ಅನ್ನುತ್ತಾರೆ, ಅವುಗಳಲ್ಲಿ ಹಲವು ಬಗೆ. ಅದೇ ಸಿರೊಟೋನಿನ್ 5-ಎಚ್‌ಟಿ1ಎ ಗ್ರಾಹಕಕ್ಕೆ ಅಂಟಿದರೆ ಸಾಮಾನ್ಯವಾಗಿ ನೋವಿನ ಸಂದೇಶ ತಗ್ಗುತ್ತದೆ, 5-ಎಚ್‌ಟಿ3ಗೆ ಅಂಟಿದರೆ ಹಲವು ಸಲ ಏರುತ್ತದೆ. ಸಕ್ಕರೆ ಕಾಯಿಲೆಯಿಂದ ನರ ಹಾಳಾದ ಮೇಲೂ ಈ 1ಎ ಕೆಲಸಕ್ಕೆ ಬರುತ್ತದಾ? ನನಗೆ ಬೇಕಿದ್ದದ್ದು ಇಷ್ಟೇ.

ಇಲಿಗಳಿಗೆ ಕಾಯಿಲೆ ಬರಿಸಲು, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುವ ಸ್ಟ್ರೆಪ್ಟೊಜೋಟೊಸಿನ್ ಕೊಟ್ಟೆ. ಪಿಎಚ್ 4.5ರ ತಣ್ಣಗಿನ ಸಿಟ್ರೇಟ್ ಬಫರಿನಲ್ಲಿ ಕಲಸಿ ಆಗಿಂದಾಗಲೇ ಚುಚ್ಚಬೇಕು, ಇಟ್ಟರೆ ಕೆಟ್ಟುಹೋಗುತ್ತದೆ. ಸಾಯುತ್ತಿರುವ ಬೀಟಾ ಕೋಶಗಳು ತಮ್ಮಲ್ಲಿದ್ದ ಇನ್ಸುಲಿನ್ನನ್ನೆಲ್ಲ ಒಮ್ಮೆಲೇ ಚೆಲ್ಲುತ್ತವೆ. ಹಾಗಾಗಿ ಮೊದಲ ರಾತ್ರಿ ಸಕ್ಕರೆ ಏರುವ ಬದಲು ಕುಸಿಯುತ್ತದೆ. ಕುಡಿಯಲು ಸಕ್ಕರೆ ನೀರು ಇಡಲೇಬೇಕು. ಆಮೇಲೆ ಅವು ಎಷ್ಟು ನೀರು ಕುಡಿದು ಎಷ್ಟು ಮೂತ್ರ ಮಾಡುತ್ತವೆಂದರೆ ದಿನಾ ಹಾಸು ಬದಲಿಸಿದರೂ ಒದ್ದೆಯೇ. ಈ ಕೆಲಸದಲ್ಲಿ ಅಸಡ್ಡೆ ಮಾಡಬಾರದು. ಒದ್ದೆ ಹಾಸಿನಲ್ಲಿ ನಿಂತು ಪಾದ ಹುಣ್ಣಾದರೆ ನೀವು ಅಳೆಯುವುದು ನರದ ನೋವಲ್ಲ, ಹುಣ್ಣಿನ ನೋವು.

ಕೆಲವು ವಾರಗಳ ನಂತರ, ಎಷ್ಟು ಒತ್ತಿದರೆ ಕಾಲೆತ್ತುತ್ತದೆ ಎಂದು ಅಳೆಯುವ ವಾನ್ ಫ್ರೇ ಪರೀಕ್ಷೆ. ಇಲಿಯನ್ನು ತಂತಿ ಜಾಲರಿಯ ಮೇಲೆ ಬಿಟ್ಟು, ಅದು ಮೂಸುವುದು ಓಡಾಡುವುದು ನಿಲ್ಲಿಸುವವರೆಗೆ ಸುಮ್ನೆ ಕಾಯಬೇಕು. ಕೆಳಗಿನಿಂದ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ, ಬಾಗುವವರೆಗೆ ಒತ್ತಿ ಹಿಡಿಯಬೇಕು. ಆರೋಗ್ಯವಾಗಿರುವ ಇಲಿ 15 ಗ್ರಾಂ ಬಲದ ಎಳೆಗೂ ಹೆಚ್ಚಾಗಿ ಕದಲುವುದಿಲ್ಲ. ನನ್ನ ಇಲಿಗಳು ಅದಕ್ಕಿಂತ ಎಷ್ಟೋ ಹಗುರದ ಎಳೆಗೇ ಪಟ್ಟನೆ ಕಾಲೆತ್ತಿ ಪಾದ ನೆಕ್ಕತೊಡಗಿದವು. ಎಷ್ಟು ಸಲ ನೋಡಿದರೂ ನನಗೆ ಅದು ಅಭ್ಯಾಸವಾಗಲಿಲ್ಲ.

ನಂತರ 1ಎ ಗ್ರಾಹಕವನ್ನು ಎಚ್ಚರಿಸುವ 8-ಓಎಚ್-ಡಿಪಿಎಟಿ ಕೊಟ್ಟೆ. ಹೆಚ್ಚಿನ ಡೋಸ್ ಪಡೆದ ಇಲಿ 15 ಗ್ರಾಂಗೂ ಕಾಲೆತ್ತಲಿಲ್ಲ. ನೋವು ಹೋಯಿತು ಅಂತ ಬರೆದುಕೊಂಡೆ. ಖುಷಿಯೂ ಆಯಿತು. ಮರುದಿನ ಅದೇ ಡೋಸ್ ಮತ್ತೆ ಕೊಟ್ಟು, ಎಳೆ ಕೆಳಗಿಟ್ಟು, ಮುಟ್ಟದೆ ನೋಡುತ್ತಾ ಕುಳಿತೆ. ಅದು ಹೊಟ್ಟೆಯನ್ನು ಜಾಲರಿಗೆ ಒತ್ತಿ, ಹಿಂಗಾಲು ಚಾಚಿ ಮಲಗಿತ್ತು. ಮುಂಗಾಲುಗಳು ಇದ್ದಲ್ಲೇ ತುಳಿಯುತ್ತಿದ್ದವು. ಯಾರೂ ಮುಟ್ಟದಿದ್ದರೂ ಬಾಲ ಆಗಾಗ ಮಿಡಿಯುತ್ತಿತ್ತು. ಇವೆಲ್ಲ ಸಿರೊಟೋನಿನ್ ಅತಿಯಾದಾಗಿನ ಲಕ್ಷಣಗಳು. ಕಾಲೆತ್ತದ ಇಲಿಗೆ ನೋವಿಲ್ಲ ಅಂತಲ್ಲ, ಕಾಲೆತ್ತಲು ಆಗುತ್ತಿರಲಿಲ್ಲ ಅಷ್ಟೇ. ಅದರ ಮೇಲೆ, ಸಕ್ಕರೆ ಕಾಯಿಲೆಯ ಇಲಿ ಮೊದಲೇ ಸೊರಗಿರುತ್ತದೆ, ನಿಧಾನ ಬೇರೆ.

ಆ ಡೋಸಿನ ಅಂಕಿಗಳನ್ನೆಲ್ಲ ಕೈಬಿಟ್ಟೆ. ಡೋಸ್ ಇಳಿಸಿದೆ. ಪ್ರತಿ ಇಲಿಯನ್ನೂ ಮೊದಲು ತಿರುಗುವ ರೋಟರಾಡ್ ಕಂಬಿಯ ಮೇಲೆ ನಿಲ್ಲಿಸಿದೆ. ಬೀಳದೆ ನಡೆದವುಗಳಿಗೆ ಮಾತ್ರ ಎಳೆ ಮುಟ್ಟಿಸಿದೆ. ಯಾವ ಇಲಿಗೆ ಏನು ಕೊಟ್ಟಿದೆ ಎಂದು ಅಳೆಯುವವರಿಗೆ ಗೊತ್ತಾಗದಂತೆ ಸಹೋದ್ಯೋಗಿಯೊಬ್ಬರು ಸೀಸೆಗಳಿಗೆ ಬರೀ ಸಂಖ್ಯೆ ಬರೆದುಕೊಟ್ಟರು. ಮದ್ದಿಲ್ಲದ ಕಾಯಿಲೆ ಇಲಿಗಳ ಗುಂಪು, ಆರೋಗ್ಯದ ಇಲಿಗಳ ಗುಂಪು ಎರಡೂ ಪಕ್ಕದಲ್ಲೇ ಇದ್ದವು.

ಈಗ ನೋವು ತಗ್ಗಿದ್ದು ಕಂಡಿತು. ಮೊದಲಿನಷ್ಟು ದೊಡ್ಡದಾಗಿ ಅಲ್ಲ, ಆದರೆ ನಂಬಬಹುದಾದಷ್ಟು. 1ಎ ಗ್ರಾಹಕವನ್ನು ಮುಚ್ಚುವ ವೇ-100635 ಮೊದಲೇ ಕೊಟ್ಟಾಗ ಈ ಲಾಭ ಬಹುತೇಕ ಹೋಯಿತು. ಪೂರ್ತಿ ಹೋಗಲಿಲ್ಲ ಅನ್ನುವುದೇ ನನ್ನನ್ನು ಕೊರೆಯತೊಡಗಿತು. 8-ಓಎಚ್-ಡಿಪಿಎಟಿ 1ಎಗೆ ಮಾತ್ರ ಅಂಟುವ ಮದ್ದಲ್ಲ, 5-ಎಚ್‌ಟಿ7ಗೂ ಅಂಟುತ್ತದೆ. ಉಳಿದ ಆ ಚೂರು ಅಲ್ಲಿಂದ ಬಂದಿದೆಯಾ ಎಂದು ನೋಡಲು 7ನ್ನು ಮುಚ್ಚುವ ಎಸ್‌ಬಿ-269970 ತರಿಸಿದ್ದೇನೆ. ಹೊಸ ಇಲಿಗಳು ಈಗ ಜಾಲರಿಗೆ ಹೊಂದಿಕೊಳ್ಳುತ್ತಿವೆ.